ನಾಯಿಯ ಕಲ್ಲು, ನಾಡಿನ ನಕ್ಷೆ: ರಾಜ್ಯದ ವಸ್ತುಸಂಗ್ರಹಾಲಯದಲ್ಲಿ ಪ್ರಾದೇಶಿಕ ಇತಿಹಾಸ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ನಾಯಿಯೊಂದರ ನೆನಪಿಗೆ ನೆಟ್ಟ ಕಲ್ಲಿದೆ. ಅದು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಅದರಲ್ಲಿರುವ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ ಇಬ್ಬರೂ ಸೇರಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಎದುರಿಸಿದರು. ರಾಜಾದಿತ್ಯ ಆ ಕಾಳಗದಲ್ಲಿ ಮಡಿದ. ಅಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ಬಂಟನನ್ನು ಒಡೆಯ ಮೆಚ್ಚಿ, ಬೇಕಾದದ್ದು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ನಾಯಿಗೆ ಆತಕೂರಿನ ಚೆಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಜಮೀನು ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ಆ ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಶಾಪವನ್ನೂ ಬರೆಸಿದರು. ಕಲ್ಲು ನಗರಕ್ಕೆ ಬಂದ ಮೇಲೆ ಈ ಶಾಪ ಯಾರ ಪಾಲಿಗೆ ಬಂತೋ, ಇಲಾಖೆಯ ನಿಯಮಾವಳಿಯಲ್ಲಿ ಅದಕ್ಕೆ ಉತ್ತರ ಸಿಗಲಾರದು.

ಈಗ ಇದಕ್ಕೊಂದು ಮಾಹಿತಿ ಫಲಕ ಬರೆಯಬೇಕು ಎಂದುಕೊಳ್ಳಿ. ನಿಂತುಕೊಂಡೇ ಓದುವ ಜನರಿಗೆ ಐವತ್ತು, ಅರವತ್ತು ಪದಗಳಿಗಿಂತ ಹೆಚ್ಚು ಕೊಟ್ಟರೆ ಅವರು ಮುಂದಕ್ಕೆ ಹೋಗಿಬಿಡುತ್ತಾರೆ. ಯಾವ ಐವತ್ತು? ತಕ್ಕೋಲದ ಯುದ್ಧವನ್ನು ಬರೆದರೆ ಕಲ್ಲು ದಕ್ಷಿಣ ಭಾರತದ ರಾಜಕೀಯ ಇತಿಹಾಸಕ್ಕೆ ಸೇರುತ್ತದೆ. ನಾಯಿಯನ್ನು ಬರೆದರೆ ಆತಕೂರಿನ ಕಥೆಯಾಗುತ್ತದೆ. ಇವೆರಡರ ನಡುವೆ ಶಾಸನದಲ್ಲಿ ಮೂರನೆಯದೊಂದು ಸಂಗತಿಯಿದೆ. ಅದನ್ನು ಬಹುಪಾಲು ಜನ ಗಮನಿಸುವುದಿಲ್ಲ. ಬೂತುಗನಿಗೆ ಕೃಷ್ಣ ಕೊಟ್ಟ ನಾಡುಗಳ ಪಟ್ಟಿ ಅದು: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 (ಹೆಸರಿನ ಮುಂದಿನ ಸಂಖ್ಯೆ ಆ ನಾಡಿನ ಊರುಗಳ ಸಾಂಪ್ರದಾಯಿಕ ಎಣಿಕೆ ಎನ್ನುತ್ತಾರೆ). ಬನವಾಸಿ ಉತ್ತರ ಕನ್ನಡದಲ್ಲಿದೆ. ಬೆಳ್ವೊಲ, ಪುರಿಗೆರೆ ಗದಗದ ಸುತ್ತಮುತ್ತ. ಕಿಸುಕಾಡು, ಬಾಗೆನಾಡು ಪಟ್ಟದಕಲ್ಲು ಮತ್ತು ಬಾಗಲಕೋಟೆಯ ಕಡೆ. ಕಾವೇರಿ ಸೀಮೆಯ ಹಳ್ಳಿಯೊಂದರ ಕಲ್ಲು ಮಲಪ್ರಭೆಯ ದಂಡೆಯವರೆಗಿನ ನಾಡುಗಳನ್ನು ಹೆಸರಿಟ್ಟು ಕರೆಯುತ್ತಿದೆ. ಪ್ರಾದೇಶಿಕ ಇತಿಹಾಸ ಎಂದಾಗ ನಾವು ಹುಡುಕಬೇಕಾದದ್ದು ಈ ನಡುವಿನ ಪದರವನ್ನು, ಅಂದರೆ ಸಾಮ್ರಾಜ್ಯಕ್ಕಿಂತ ಚಿಕ್ಕದಾದ, ಊರಿಗಿಂತ ದೊಡ್ಡದಾದ, ಜನ ತಮ್ಮದೆಂದು ಹೇಳಿಕೊಳ್ಳುತ್ತಿದ್ದ ನಾಡನ್ನು.

ಇದನ್ನು ಪ್ರದರ್ಶನದಲ್ಲಿ ತೋರಿಸುವುದು ಕಷ್ಟ. ಕಾರಣವನ್ನು ಕ್ಯುರೇಟರರ ಜಾಣ್ಮೆಯಲ್ಲೋ ಸರ್ಕಾರದ ಅನುದಾನದಲ್ಲೋ ಹುಡುಕುವ ಮೊದಲು ಸಂಗ್ರಹ ಹೇಗೆ ಬೆಳೆಯಿತು ಎಂಬುದನ್ನು ನೋಡಬೇಕು.

ಸಂಗ್ರಹಕ್ಕೂ ಒಂದು ಗಡಿ ಇರುತ್ತದೆ

ಬೆಂಗಳೂರಿನ ಸಂಗ್ರಹಾಲಯ ಆರಂಭವಾದದ್ದು 1865ರಲ್ಲಿ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಬೌರಿಂಗ್ ಕಮಿಷನರ್ ಆಗಿದ್ದ. ಸಂಗ್ರಹಾಲಯದ ಹಿಂದಿನ ಉತ್ಸಾಹ ವೈದ್ಯ ಎಡ್ವರ್ಡ್ ಬಾಲ್ಫರನದು. 1851ರಲ್ಲಿ ಮದ್ರಾಸಿನ ಸಂಗ್ರಹಾಲಯವನ್ನು ಕಟ್ಟಿ ನಿಲ್ಲಿಸಿದವನೂ ಅವನೇ. ಕಸ್ತೂರಬಾ ರಸ್ತೆಯ ಈಗಿನ ಕೆಂಪು ಕಟ್ಟಡ 1877ರದು, ರಿಚರ್ಡ್ ಸ್ಯಾಂಕಿಯ ವಿನ್ಯಾಸ. ಆ ಕಾಲದ ಇಂಥ ಸಂಸ್ಥೆಗಳಿಗೆ ಖನಿಜ, ಬೆಳೆ, ಪ್ರಾಣಿ, ಕೈಗಾರಿಕೆಗಳ ಮೇಲೂ ಅಷ್ಟೇ ಆಸಕ್ತಿ ಇತ್ತು. ಒಂದು ನಾಡಿನ ಇತಿಹಾಸ ಹೇಳುತ್ತೇವೆ ಎಂಬ ಸಂಕಲ್ಪದಿಂದ ಅವು ಹುಟ್ಟಿದವಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಲ್ಲಿ ಬಿ.ಎಲ್. ರೈಸರ ನೇತೃತ್ವದಲ್ಲಿ ರೂಪುಗೊಂಡ ಮೇಲೆ ಶಾಸನಗಳ ಶೋಧ ಶಿಸ್ತಿಗೆ ಬಂತು. ಶಾಸನಗಳನ್ನು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಮೊದಲು ಕೊಡಗು, ಆಮೇಲೆ ಮೈಸೂರಿನ ಜಿಲ್ಲೆಗಳು ಎಂಬಂತೆ ಆಡಳಿತದ ಗಡಿಗಳನ್ನೇ ಹಿಡಿದು ಹೊರಬಂದವು.

ಹೀಗಾಗಿ ಮೈಸೂರು ಇಲಾಖೆಯ ಅಧಿಕಾರಿ ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಎಲ್ಲಿಯವರೆಗೆ ಹೋಗಬಹುದಿತ್ತೋ ಅಲ್ಲಿಗೆ ಸಂಗ್ರಹವೂ ನಿಂತಿತು. ತುಂಗಭದ್ರೆಯ ಆಚೆಯ ಧಾರವಾಡ, ವಿಜಯಪುರ, ಬೆಳಗಾವಿ ಮುಂಬಯಿ ಪ್ರಾಂತ್ಯದವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನವು. ರಾಯಚೂರು, ಕಲಬುರಗಿ, ಬೀದರ್ ನಿಜಾಮರವು. ಅಲ್ಲಿ ಸಿಕ್ಕ ವಸ್ತುಗಳು ಸಹಜವಾಗಿಯೇ ಆಯಾ ರಾಜಧಾನಿಗಳ ದಾರಿ ಹಿಡಿದವು. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಮೇಲ್ಛಾವಣಿಯ ಉಬ್ಬುಶಿಲ್ಪಗಳನ್ನು ನೋಡಬೇಕಾದರೆ ಇಂದಿಗೂ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಬೆಟ್ಟಗಳಲ್ಲಿ ಆಯ್ದ ಶಿಲಾಯುಗದ ಕೊಡಲಿಗಳು ಅವನ ಉಳಿದ ಸಂಗ್ರಹದೊಂದಿಗೆ 1904ರಲ್ಲಿ ಮದ್ರಾಸ್ ಸರ್ಕಾರದ ಪಾಲಾದವು. ಆ ಸಂಗ್ರಹ ಇರುವುದು ಚೆನ್ನೈನಲ್ಲಿ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದು ಅದರ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಹೈದರಾಬಾದ್ ಪುರಾತತ್ವ ಇಲಾಖೆಯ ವ್ಯಾಪ್ತಿಗೆ ಬಂತು. ಸದ್ಯ, ಬಂಡೆಯನ್ನು ಹೊತ್ತೊಯ್ಯುವಂತಿರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಉಳಿದ ಭಾಗಗಳೂ ಕೊಡಗೂ ಸೇರಿ ಹೊಸ ರಾಜ್ಯವಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಜಿಲ್ಲೆಗಳು, ಕಡತಗಳು, ನೌಕರರು ಒಂದು ಆಡಳಿತದಿಂದ ಇನ್ನೊಂದಕ್ಕೆ ವರ್ಗವಾದರು. ಸಂಗ್ರಹಾಲಯದ ವಸ್ತುಗಳು ಹಾಗೆ ವರ್ಗವಾಗುವುದಿಲ್ಲ. ಒಮ್ಮೆ ದಾಖಲೆ ಪುಸ್ತಕದಲ್ಲಿ ಸಂಖ್ಯೆ ಬಿದ್ದ ವಸ್ತು ಆ ಸಂಸ್ಥೆಯ ಆಸ್ತಿ. ಹೀಗೆ ರಾಜ್ಯದ ನಕ್ಷೆ ದೊಡ್ಡದಾಯಿತು, ಸಂಗ್ರಹದ ನಕ್ಷೆ ಹಳೆಯದರ ಹತ್ತಿರವೇ ಉಳಿಯಿತು. ನಮ್ಮ ರಾಜ್ಯದ ಯಾವುದೇ ಇತಿಹಾಸ ಪ್ರದರ್ಶನವನ್ನು ಅರ್ಥಮಾಡಿಕೊಳ್ಳಲು ಈ ಎರಡು ನಕ್ಷೆಗಳ ನಡುವಿನ ಅಂತರವೇ ಕೀಲಿಕೈ. ಗೋಡೆಯ ಮೇಲೆ ಇಡೀ ಕರ್ನಾಟಕದ ನಕ್ಷೆ ತೂಗುತ್ತಿದ್ದು ಕೆಳಗಿನ ಪೀಠಗಳ ಮೇಲೆ ಗಂಗರೂ ಹೊಯ್ಸಳರೂ ತುಂಬಿಕೊಂಡಿದ್ದರೆ, ಅದನ್ನು ಯಾರದೋ ಪಕ್ಷಪಾತ ಎಂದು ತಕ್ಷಣ ಬೈಯಬೇಕಾಗಿಲ್ಲ. ಆದರೆ ಅಂತರ ಇದೆ ಎಂದು ನೋಡುಗರಿಗೆ ಹೇಳದಿರುವುದು ಮಾತ್ರ ತಪ್ಪು ಎಂಬುದು ನನ್ನ ಅಭಿಪ್ರಾಯ. ಖಾಲಿ ಜಾಗವನ್ನು ಖಾಲಿ ಎಂದೇ ತೋರಿಸುವ ಒಂದು ಫಲಕ, ಅಲ್ಲಿರಬೇಕಾದ ವಸ್ತು ಈಗ ಎಲ್ಲಿದೆ ಎಂಬ ಒಂದು ಸಾಲು ಇದ್ದರೆ ಸಾಕು.

ಜಿಲ್ಲಾ ಸಂಗ್ರಹಾಲಯಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ವಿಜಯಪುರದ ಗೋಳಗುಮ್ಮಟದ ನಗಾರಖಾನೆಯಲ್ಲಿ 1892ರಷ್ಟು ಹಿಂದೆಯೇ ಸಂಗ್ರಹಾಲಯ ಆರಂಭವಾಗಿತ್ತು. ಈಗ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಉತ್ತರದ ಜಿಲ್ಲೆಗಳಲ್ಲಿ ಸಂಗ್ರಹಿಸಿದೆ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿ, ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲಿ, ಕಿತ್ತೂರಿನ ಕೋಟೆಯಲ್ಲಿ ರಾಜ್ಯ ಇಲಾಖೆಯ ಸಂಗ್ರಹಾಲಯಗಳಿವೆ. ಮಂಗಳೂರಿನದು ಸ್ವಲ್ಪ ಬೇರೆ ಬಗೆ. ವೈದ್ಯರಾಗಿದ್ದ ಕರ್ನಲ್ ಮಿರಜಕರ್ ತಾಯಿ ಶ್ರೀಮಂತಿಬಾಯಿಯ ನೆನಪಿಗೆ ಕೊಟ್ಟ ಮನೆ ಅದು. ಹೀಗೆ ದಾನವಾಗಿ ಬಂದ ಸಂಗ್ರಹದಲ್ಲಿ ದಾನಿಯ ಅಭಿರುಚಿಯೇ ಮುಖ್ಯ ಎಳೆಯಾಗುವುದು ಎಲ್ಲ ಕಡೆ ಕಾಣುವ ಸಂಗತಿ. ಇನ್ನು ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭವ್ಯವಾದ ಮರದ ಭೂತಮೂರ್ತಿಗಳು ನೋಡಸಿಗುವುದು ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿ!

ರಾಜವಂಶದ ಸಾಲು ಮತ್ತು ಅದರಲ್ಲಿ ಹಿಡಿಸದವರು

ಇರುವ ವಸ್ತುಗಳನ್ನು ಯಾವ ಕ್ರಮದಲ್ಲಿ ಇಡಬೇಕು? ಶಾಲೆಯ ಪಠ್ಯದಿಂದ ನಮಗೆಲ್ಲ ರೂಢಿಯಾದ ಉತ್ತರ ಒಂದಿದೆ: ಕದಂಬ, ಗಂಗ, ಬಾದಾಮಿ ಚಾಲುಕ್ಯ, ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಹೊಯ್ಸಳ, ವಿಜಯನಗರ, ಆಮೇಲೆ ಒಡೆಯರು. ಒಂದು ಕೋಣೆಗೆ ಒಂದು ವಂಶ. ನೋಡುವವರಿಗೆ ದಾರಿ ತಪ್ಪುವುದಿಲ್ಲ, ಫಲಕ ಬರೆಯುವವರಿಗೂ ಸುಲಭ.

ಆದರೆ ಕರಾವಳಿಗೆ ಬಂದ ಕೂಡಲೇ ಈ ಸಾಲು ಕೈಕೊಡುತ್ತದೆ. ತುಳುನಾಡಿನ ಆಳುಪರು ಏಳನೆಯ ಶತಮಾನದಿಂದಲೇ ಶಾಸನಗಳಲ್ಲಿ ಕಾಣಿಸಿಕೊಂಡು, ಮೇಲಿನ ದೊರೆಗಳು ಬದಲಾದಂತೆಲ್ಲ ಅವರೊಂದಿಗೆ ಹೊಂದಿಕೊಳ್ಳುತ್ತ ವಿಜಯನಗರದ ಕಾಲದವರೆಗೂ ಉಳಿದವರು. ಅವರನ್ನು ಯಾವ ಕೋಣೆಯಲ್ಲಿ ಇಡುತ್ತೀರಿ? ಎಲ್ಲ ಕೋಣೆಗಳಲ್ಲೂ ಒಂದೊಂದು ಮೂಲೆ ಕೊಡಬೇಕಾಗುತ್ತದೆ, ಇಲ್ಲವೆ ಎಲ್ಲಿಯೂ ಇಲ್ಲ. ಸಾಮಾನ್ಯವಾಗಿ ಎರಡನೆಯದೇ ಆಗುತ್ತದೆ. 1834ರವರೆಗೆ ಕೊಡಗನ್ನು ಆಳಿದ ಹಾಲೇರಿ ಅರಸರ ಪಾಡೂ ಇದೇ.

ಇದಕ್ಕೆ ಪರ್ಯಾಯ ಎಂದರೆ ವಿಷಯವನ್ನು ಹಿಡಿದು ಜೋಡಿಸುವುದು. ವೀರಗಲ್ಲನ್ನೇ ತೆಗೆದುಕೊಳ್ಳಿ. ನಮಗೆ ಪರಿಚಿತವಾದ ಮೂರು ಅಂತಸ್ತಿನ ಕಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೋ ಜಿನನ ಮುಂದೋ ಕುಳಿತ ವೀರ. ಬೇರೆ ಬೇರೆ ಸೀಮೆಯ ಕಲ್ಲುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಜನ ಯಾವುದಕ್ಕಾಗಿ ಸತ್ತರು ಎಂಬುದು ತಾನಾಗಿ ಕಾಣತೊಡಗುತ್ತದೆ: ದನಗಳನ್ನು ಬಿಡಿಸಿಕೊಳ್ಳಲು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು, ಗಡಿಯ ಜಗಳದಲ್ಲಿ, ಹುಲಿ ಹಂದಿಗಳ ಬೇಟೆಯಲ್ಲಿ, ಒಡೆಯನ ಜೊತೆಗೆ. ಬೆಂಗಳೂರು ಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಈ ಅಚ್ಚುಕಟ್ಟಾದ ಮೂರು ಅಂತಸ್ತಿಗೂ ಸಿಗುವುದಿಲ್ಲ. ಗಂಗರ ಎರೆಯಪ್ಪನ ಕಾಲದಲ್ಲಿ ನೊಳಂಬರ ವಿರುದ್ಧ ಹೋರಾಡಿ ಸತ್ತ ನಾಗತ್ತರನ ಕಲ್ಲು ಅದು. ಆನೆ, ಕುದುರೆ, ಬಿದ್ದ ಆಳುಗಳು ಎಲ್ಲ ಒತ್ತೊತ್ತಾಗಿ ತುಂಬಿಕೊಂಡ ರಣರಂಗ. ಅದೇ ನಾಗತ್ತರನ ಕಡೆಯವನೊಬ್ಬ ಸತ್ತದ್ದನ್ನು ಹೇಳುತ್ತ ‘ಬೆಂಗಳೂರ ಕಾಳಗ’ ಎನ್ನುವ ಇನ್ನೊಂದು ಕಲ್ಲು ಬೇಗೂರಿನ ನಾಗೇಶ್ವರ ದೇಗುಲದ ಆವರಣದಲ್ಲೇ ಇದೆ, ಕಾಲ ಸುಮಾರು ಕ್ರಿ.ಶ. 890. ಕೆಂಪೇಗೌಡರು ಪೇಟೆ ಕಟ್ಟಿದ 1537ಕ್ಕಿಂತ ಆರು ಶತಮಾನಗಳಿಗೂ ಹಿಂದೆ ಆ ಹೆಸರಿನ ಊರಿತ್ತು ಎಂದು ಗೊತ್ತಾಗುವುದು ಅದರಿಂದ. ನಗರದ ಇತಿಹಾಸದ ಎರಡು ಮುಖ್ಯ ಸಾಕ್ಷಿಗಳಲ್ಲಿ ಒಂದು ಸಂಗ್ರಹಾಲಯದಲ್ಲಿ, ಇನ್ನೊಂದು ಗುಡಿಯಲ್ಲಿ. ಒಂದನ್ನು ನೋಡಿದವರಿಗೆ ಇನ್ನೊಂದರ ದಾರಿ ಹೇಳುವುದೂ ಪ್ರದರ್ಶನದ ಕೆಲಸವೇ.

ವಿಷಯವಾರು ಜೋಡಣೆಗೂ ಅಪಾಯವಿದೆ. ಕಾಲದ ಹಿಡಿತ ಸಡಿಲವಾಗಿ ಹತ್ತನೆಯ ಶತಮಾನದ ಕಲ್ಲೂ ಹದಿನಾರನೆಯ ಶತಮಾನದ ಕಲ್ಲೂ ಒಂದೇ ಕಾಲದವೆಂಬ ಭಾವನೆ ಬರಬಹುದು. ಆದ್ದರಿಂದ ಒಳ್ಳೆಯ ಪ್ರದರ್ಶನಗಳು ಎರಡನ್ನೂ ಬೆರೆಸುತ್ತವೆ: ನಡೆಯುವ ದಾರಿ ಕಾಲಕ್ರಮದ್ದು, ಅಲ್ಲಲ್ಲಿ ನಿಂತು ನೋಡುವ ಕೋಣೆಗಳು ಕೆರೆ, ವ್ಯಾಪಾರ, ಯುದ್ಧ, ಧರ್ಮಗಳದ್ದು.

ಇಲ್ಲಿ ನನಗೆ ಬಹಳ ಕಾಲದಿಂದ ಒಪ್ಪಿಗೆಯಾಗದ ಒಂದು ವಿಂಗಡಣೆಯಿದೆ. ರಾಜನ ಕತ್ತಿ ಇತಿಹಾಸ ವಿಭಾಗಕ್ಕೆ ಹೋಗುತ್ತದೆ, ರೈತನ ಕೂರಿಗೆ ಜಾನಪದ ವಿಭಾಗಕ್ಕೆ. ಕತ್ತಿಗೆ ಶತಮಾನ, ಒಡೆಯ, ಯುದ್ಧ ಎಲ್ಲ ಇರುತ್ತದೆ; ಕೂರಿಗೆಗೆ ಹೆಸರು ಮಾತ್ರ, ಅದು ಎಂದೆಂದಿಗೂ ಹಾಗೆಯೇ ಇತ್ತೇನೋ ಎಂಬಂತೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇವುಗಳಲ್ಲಿ ಅಪಾರ ಸಾಮಗ್ರಿಯಿದೆ. ಅದರ ಪಕ್ಕದಲ್ಲೇ ಕೆರೆ ಕಟ್ಟಿಸಿದ, ತೂಬು ಇಡಿಸಿದ ಶಾಸನಗಳನ್ನು ಇಟ್ಟು ನೋಡಿದರೆ ಒಂದು ಸೀಮೆಯ ಜನರ ಬದುಕು ಕಾಲದೊಳಗೆ ಚಲಿಸುವುದು ಕಾಣುತ್ತದೆ. ಇಲಾಖೆಗಳು ಬೇರೆ ಎಂಬ ಕಾರಣಕ್ಕೆ ಇತಿಹಾಸವೂ ಬೇರೆಯಾಗಬೇಕೆ?

ಮೂಲ, ನಕಲು, ಕಾಲ, ಬೆಳಕು

ಪ್ರದರ್ಶನದಲ್ಲಿ ಕಣ್ಣಿಗೆ ಬೀಳದ ನಿರ್ಧಾರಗಳು ಇನ್ನೂ ಹಲವು. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರಿನಲ್ಲಿ ಪುರಾತತ್ವ ಇಲಾಖೆಯ ಬಳಿ ಇದೆ. ಹಲ್ಮಿಡಿಯಲ್ಲಿ ನಿಂತಿರುವುದು ಫೈಬರ್ ಗ್ಲಾಸಿನ ಪ್ರತಿಕೃತಿ. ಇದರಲ್ಲಿ ಮೋಸವೇನೂ ಇಲ್ಲ. ಮೂಲಕ್ಕೆ ಭದ್ರತೆ ಬೇಕು, ಊರಿಗೆ ತನ್ನ ಹೆಮ್ಮೆ ಬೇಕು. ನಕಲಿನ ಪಕ್ಕದಲ್ಲಿ ಇದು ನಕಲು ಎಂದು ಸ್ಪಷ್ಟವಾಗಿ ಬರೆದಿದ್ದರೆ ಮುಗಿಯಿತು. ಬರೆಯದೆ ಇದ್ದಾಗ ಮಾತ್ರ ನೋಡುಗ ಪ್ರತಿಯೊಂದನ್ನೂ ಅನುಮಾನಿಸಲು ತೊಡಗುತ್ತಾನೆ. ಶಾಸನಗಳ ಮಟ್ಟಿಗೆ ಇನ್ನೊಂದು ಅನುಕೂಲವೂ ಇದೆ: ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ಲೇಪಿಸಿ ತೆಗೆದ ಪಡಿಯಚ್ಚಿನಲ್ಲಿ ಅಕ್ಷರಗಳು ಎಷ್ಟೋ ಸಲ ಮೂಲಕ್ಕಿಂತ ಚೆನ್ನಾಗಿ ಓದಸಿಗುತ್ತವೆ. ಎಲ್ಲೋ ದೂರದ ಸೀಮೆಯ ಕಲ್ಲನ್ನು ತರಲಾಗದ ಪ್ರದರ್ಶನಕ್ಕೆ ಪಡಿಯಚ್ಚು ಒಂದು ಗೌರವದ ದಾರಿ.

ಹಲ್ಮಿಡಿ ಇನ್ನೊಂದನ್ನೂ ಕಲಿಸುತ್ತದೆ. ಫಲಕದಲ್ಲಿ ‘ಸುಮಾರು ಕ್ರಿ.ಶ. 450’ ಎಂದು ಓದುತ್ತೇವೆ. ಕಲ್ಲಿನ ಮೇಲೆ ವರ್ಷ ಇಲ್ಲ. ಲಿಪಿ, ಭಾಷೆ, ಹೆಸರಿಸಿದ ವ್ಯಕ್ತಿಗಳಿಂದ ವಿದ್ವಾಂಸರು ಅಂದಾಜಿಸಿದ ಕಾಲ ಅದು. ಆತಕೂರಿನಂತೆ ಶಕವರ್ಷ ಕೊರೆದ ಕಲ್ಲಿನ ಕಾಲ ಬೇರೆಯೇ ಗಟ್ಟಿತನದ್ದು. ಉತ್ಖನನದಲ್ಲಿ ಮಣ್ಣಿನ ಪದರದಿಂದ ತಿಳಿದ ಕಾಲ ಮೂರನೆಯ ಬಗೆ. ಫಲಕದಲ್ಲಿ ಮೂರೂ ಒಂದೇ ರೀತಿ ಕಾಣುತ್ತವೆ. ‘ಸುಮಾರು’ ಎಂಬ ಚಿಕ್ಕ ಪದವನ್ನು ಕ್ಯುರೇಟರ್ ಎಲ್ಲಿ ಇಟ್ಟಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂದು ಗಮನಿಸಿದರೆ ಅವರ ಎಚ್ಚರ ತಿಳಿಯುತ್ತದೆ.

ಬೆಳಕಿನ ವಿಷಯ ಚುಟುಕಾಗಿ ಹೇಳಿಬಿಡಬಹುದು. ಕಲ್ಲಿಗೆ ಬೆಳಕಿನಿಂದ ಅಪಾಯವಿಲ್ಲ. ಓಲೆಗರಿ, ಬಟ್ಟೆ, ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಕೊಡಬಾರದು ಎಂಬುದು ಸಂಗ್ರಹಾಲಯಗಳ ರೂಢಿ; ಇಂಥವನ್ನು ಕೆಲವು ತಿಂಗಳ ಮೇಲೆ ಉಗ್ರಾಣಕ್ಕೆ ಕಳಿಸಿ ಬೇರೆಯದನ್ನು ಇಡುತ್ತಾರೆ. ಕಳೆದ ಬಾರಿ ಕಂಡ ಹಸ್ತಪ್ರತಿ ಈ ಬಾರಿ ಇಲ್ಲವೆಂದರೆ ಅದು ಕಳುವಾಗಿದೆ ಎಂದು ಗಾಬರಿಯಾಗಬೇಕಿಲ್ಲ.

ಹೊಸ ವಸ್ತುಗಳು ಬರುವುದು ಹೇಗೆ? ನೆಲದೊಳಗೆ ಸಿಕ್ಕ ನಿಧಿಗೆ ಕರ್ನಾಟಕದಲ್ಲಿ ಈಗ 1962ರ ರಾಜ್ಯದ ನಿಧಿ ಕಾಯ್ದೆ ಆಧಾರ. ಅದಕ್ಕೂ ಹಿಂದಿನದು 1878ರ ಭಾರತೀಯ ನಿಧಿ ಕಾಯ್ದೆ. ಹತ್ತು ರೂಪಾಯಿಗೆ ಮೀರಿದ ಬೆಲೆಯದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ ಈ ಹಳೆಯ ಕಾಯ್ದೆ. ಆ ಹತ್ತು ರೂಪಾಯಿಯ ಮಿತಿ ಈಗ ತಾನೇ ಒಂದು ಪ್ರದರ್ಶನ ವಸ್ತು. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳಿಗೂ, 75 ವರ್ಷ ದಾಟಿದ ಹಸ್ತಪ್ರತಿಗಳಿಗೂ ಅನ್ವಯಿಸುತ್ತದೆ. ಕಾನೂನಿಗಿಂತ ಕಷ್ಟದ್ದು ಜನರ ಸಂಬಂಧ. ಊರ ಮುಂದಿನ ವೀರಗಲ್ಲಿಗೆ ಇಂದಿಗೂ ಎಣ್ಣೆ, ಅರಿಸಿನ, ಕುಂಕುಮ ಸಲ್ಲುತ್ತದೆ. ಅದನ್ನು ಎತ್ತಿ ತಂದರೆ ಸಂಗ್ರಹಾಲಯಕ್ಕೆ ಕಲ್ಲು ಸಿಗುತ್ತದೆ, ಊರು ಮಾತ್ರ ಅದರಿಂದ ಕಳಚಿಕೊಳ್ಳುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಇದ್ದಲ್ಲೇ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಈ ಕಾರಣಕ್ಕೂ ಮಹತ್ವದ್ದು: ಓದು ಎಲ್ಲರಿಗೂ ಸಿಗುತ್ತದೆ, ಕಲ್ಲು ಊರಲ್ಲೇ ಉಳಿಯುತ್ತದೆ.

ಊರಿನವರ ಮಾತಿಗೆ ಫಲಕದಲ್ಲಿ ಜಾಗವೆಷ್ಟು ಎಂಬುದು ಇದರ ಮುಂದಿನ ಪ್ರಶ್ನೆ. ಹಂಪಿಯ ಬಳಿ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ. ಅದು ವಾಲಿಯನ್ನು ದಹಿಸಿದ ಜಾಗ ಎಂಬುದು ಸ್ಥಳೀಯರ ನಂಬಿಕೆ. ಬಳ್ಳಾರಿ ಸೀಮೆಯ ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಆದವು ಎಂಬುದು ಪುರಾತತ್ವದ ತೀರ್ಮಾನ. ಕುಡತಿನಿಯ ದೊಡ್ಡ ದಿಬ್ಬವೂ ಇದೇ ಜಾತಿಯದು. ಫಲಕದಲ್ಲಿ ವಿಜ್ಞಾನವನ್ನು ಮಾತ್ರ ಬರೆದು ವಾಲಿಯನ್ನು ಕೈಬಿಟ್ಟರೆ ಆ ಊರಿನಿಂದ ಬಂದ ನೋಡುಗನಿಗೆ ಇದು ತನ್ನ ದಿಬ್ಬ ಎಂಬುದೇ ಗುರುತು ಸಿಗದು. ವಾಲಿಯನ್ನು ಮಾತ್ರ ಬರೆದರೆ ಸುಳ್ಳು ಹೇಳಿದಂತೆ. ದಿಬ್ಬ ಹೇಗಾಯಿತು ಎಂಬುದು ಒಂದು ಇತಿಹಾಸ. ಸಾವಿರಾರು ವರ್ಷಗಳ ಆಮೇಲೆ ಜನ ಅದನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದು ಇನ್ನೊಂದು. ಯಾವುದು ಯಾವುದೆಂದು ಹೇಳಿ ಎರಡನ್ನೂ ಬರೆಯಲು ನಾಲ್ಕು ಸಾಲು ಸಾಕು.

ಬಳ್ಳಾರಿಯಲ್ಲೇ ಈಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಪಕ್ಕದ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಜಾಗಗಳನ್ನು ಅಗೆದವರ ಶ್ರಮದ ಫಲ ಅದು. ಫೂಟ್ ಆಯ್ದುಕೊಂಡು ಹೋದದ್ದು ಚೆನ್ನೈನಲ್ಲಿಯೇ ಇದ್ದರೂ ಅದೇ ಬೆಟ್ಟಗಳ ಬೇರೆ ಕೊಡಲಿಗಳು ಬೆಟ್ಟಕ್ಕೆ ಹತ್ತಿರದಲ್ಲೇ ನೋಡಲು ಸಿಗುತ್ತವೆ. ಬಳ್ಳಾರಿಗೆ ಹೋಗುವವರು ಮೊದಲು ಸಂಗ್ರಹಾಲಯ ನೋಡಿ, ಆಮೇಲೆ ಬೆಟ್ಟ ಹತ್ತುವುದು ಒಳ್ಳೆಯದು. ಕಾಲಿನ ಕೆಳಗಿನ ಕಲ್ಲುಚೂರುಗಳಲ್ಲಿ ಯಾವುದು ಬರಿಯ ಕಲ್ಲು, ಯಾವುದು ಕೈಯಿಂದ ಕೆತ್ತಿದ್ದು ಎಂದು ಆಗ ಗುರುತು ಹಿಡಿಯಬಹುದು. ಹಿಡಿದದ್ದನ್ನು ಅಲ್ಲಿಯೇ ಬಿಟ್ಟು ಬನ್ನಿ.